ಕೋವಿಗೆ ಯಾವ ಎಣ್ಣೆ?

ಆಗಸ್ಟ್ ತಿಂಗಳ ಕೊನೆಯ ಶನಿವಾರ, ಹಡಪಸರದ ಗಾಡೀತಳದ ಬಳಿಯ ಒಂದು ಹಾರ್ಡ್‌ವೇರ್ ಅಂಗಡಿ. ನನ್ನ ಜೊತೆಗಿದ್ದವನು ನಮ್ಮ ಸೊಸೈಟಿಯಲ್ಲೇ ಇರುವ ಕೊಡಗಿನ ಗೆಳೆಯ. ಸೆಪ್ಟೆಂಬರ್ 3ರ ಕೈಲ್ ಪೊಳ್ದಿಗೆ ಊರಿಗೆ ಹೊರಟಿದ್ದ. ಕೈಲ್ ಪೊಳ್ದ್ ಎಂದರೆ ಕೊಡವರ ಆಯುಧಪೂಜೆ. ನಾಟಿ ಕೆಲಸ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ದೀಪದ ಮುಂದಿಟ್ಟು, ಹೂ ಮುಡಿಸುವ ಹಬ್ಬ. ಅವನ ತಂದೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬರುವಾಗ ಕೋವಿಗೆ ಒಳ್ಳೆ ಎಣ್ಣೆ ತಗೊಂಡು ಬಾ, ಈ ಸಲ ಮಳೆ ಜಾಸ್ತಿ, ನಳಿಗೆ ಕೆಂಪಾಗ್ತಾ ಇದೆ."

ಗೆಳೆಯ ನೇರವಾಗಿ ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಡಬ್ಬಿಗೆ ಕೈ ಹಾಕಿದ. ನಾನು "ತಡೀಪಾ" ಅಂದೆ. ಅಷ್ಟರಲ್ಲಿ ಅಂಗಡಿಯವರು ಕೇಳಿದರು, "ಕಶಾಲಾ ಪಾಹಿಜೆ?" ಯಾತಕ್ಕೆ ಬೇಕು?

ಸರಿಯಾದ ಪ್ರಶ್ನೆ ಅದೇ. ನಾನು ಎಂ.ಟೆಕ್ ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ. ಹದಿನೆಂಟು ವರ್ಷದಿಂದ ಮಾಡುತ್ತಿರುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಉಸ್ತುವಾರಿ. ಓದಿದ್ದರಲ್ಲಿ ತಲೆಯಲ್ಲಿ ಉಳಿದಿರುವುದು ಟ್ರೈಬಾಲಜಿ ಮಾತ್ರ, ಅಂದರೆ ಉಜ್ಜಾಟ, ಸವೆತ, ಎಣ್ಣೆಗಳ ಶಾಸ್ತ್ರ. ಅದರ ಮೊದಲ ಪಾಠ, ಎಲ್ಲಕ್ಕೂ ಒಳ್ಳೆಯದಾದ ಎಣ್ಣೆ ಅಂತ ಒಂದಿಲ್ಲ. ಯಾವ ಕಿಟ್ಟ, ಯಾವ ಹವೆ ಅಂತ ಕೇಳಿ ಎಣ್ಣೆ ಆರಿಸಬೇಕು. ಇನ್ನೊಂದು ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ನಾನು ಇತಿಹಾಸ ಓದಿ ಕಲಿತೆ: ಯಾರ ಕೈ? ಈ ಮೂರನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಕ್ಕೆ ನಮ್ಮ ದೇಶದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಒಂದು ಗ್ರೀಸಿನ ಆಯ್ಕೆಯ ಕಥೆ ಕೂಡ ಅಂತ ನಾವು ಹೆಚ್ಚು ಯೋಚಿಸುವುದಿಲ್ಲ.

ಮೊದಲು ಕಿಟ್ಟದ ಮಾತು. ಹಳೆಯ ಕೋವಿಗಳಲ್ಲಿ ಸುಡುತ್ತಿದ್ದದ್ದು ಕರಿಮದ್ದು, ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಸ್ವಲ್ಪ ಹೊಗೆಯ ಜೊತೆ ಹೊರಗೆ ಹೋಗಿ, ಉಳಿದದ್ದು ನಳಿಗೆಯ ಒಳಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸಬಲ್ಲವು. ಹತ್ತು ಹದಿನೈದು ಈಡು ಹೊಡೆದರೆ ಕಿಟ್ಟ ಗಟ್ಟಿಯಾಗಿ ಮುಂದಿನ ಗುಂಡು ಒಳಗೆ ಇಳಿಯುವುದೇ ಕಷ್ಟ. ನುಣುಪು ನಳಿಗೆಯ ಹಳೆಯ ಬಂದೂಕಿನಲ್ಲಿ ಗುಂಡು ಸಡಿಲವಾಗಿರುತ್ತಿತ್ತು, ಹೇಗೋ ನಡೆಯುತ್ತಿತ್ತು. ನಳಿಗೆಯೊಳಗೆ ಸುರುಳಿ ಗಾಡಿ ಕೊರೆದ ರೈಫಲ್ ಬಂದಾಗ ತೊಂದರೆ ದೊಡ್ಡದಾಯಿತು. ಗುಂಡು ಆ ಗಾಡಿಗಳನ್ನು ಹಿಡಿದೇ ತಿರುಗಬೇಕು, ಕಿಟ್ಟ ತುಂಬಿದರೆ ಗಾಡಿ ಇದ್ದೂ ಇಲ್ಲದಂತೆ. ಪರಿಹಾರ ಜಿಡ್ಡು. ಗುಂಡಿನ ಸುತ್ತ ಜಿಡ್ಡು ಬಳಿದರೆ ಅದು ಕಿಟ್ಟವನ್ನು ಮೆತ್ತಗೆ ಇಡುತ್ತದೆ, ಪ್ರತಿ ಹೊಸ ಗುಂಡು ಹಿಂದಿನದರ ಕಿಟ್ಟವನ್ನು ತಳ್ಳಿಕೊಂಡು ಹೋಗುತ್ತದೆ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಹೀಗೆ ಕೆಲಸ ಮಾಡುತ್ತಿತ್ತು. ನಳಿಗೆಯ ಒಳ ಅಳತೆ 0.577 ಅಂಗುಲ. ತೋಟಾ ಎಂದರೆ ಒಂದು ಕಾಗದದ ಕೊಳವೆ. ಒಂದು ಕಡೆ ಮದ್ದು, ಇನ್ನೊಂದು ಕಡೆ ಗುಂಡು, ಗುಂಡಿನ ಕಡೆಯ ಕಾಗದಕ್ಕೆ ಜಿಡ್ಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಜಿಡ್ಡಿನ ಕಾಗದದ ಸಮೇತ ತಿರುಗಿಸಿ ಒಳಗೆ ತುರುಕಬೇಕು. ಕಚ್ಚುವ ತುದಿ ಬೇರೆ, ಜಿಡ್ಡಿನ ತುದಿ ಬೇರೆ ನಿಜ. ಆದರೆ ಬಿಸಿಲಿಗೆ ಜಿಡ್ಡು ಕರಗುತ್ತದೆ, ಕೈಗೆ ಅಂಟುತ್ತದೆ. ಬಾಯಿಗೆ ಇಡುವ ವಸ್ತುವಿನ ವಿಷಯದಲ್ಲಿ ಎರಡು ಅಂಗುಲದ ಅಂತರ ಯಾರಿಗೆ ಸಮಾಧಾನ ಕೊಟ್ಟೀತು?

ಈ ತೋಟಾಗಳ ಮಾದರಿ 1853ರಲ್ಲೇ ಭಾರತಕ್ಕೆ ಬಂದಿತ್ತು. ಬಂದದ್ದು ಪರೀಕ್ಷೆಗೆ. ಇಲ್ಲಿನ ಸೆಕೆಗೆ ಜಿಡ್ಡು ಹೇಗೆ ತಡೆದುಕೊಳ್ಳುತ್ತದೆ ಅಂತ ನೋಡಲು ಕಾವಲಿನ ಸಿಪಾಯಿಗಳ ಚೀಲದಲ್ಲಿ ಅವನ್ನು ಇಟ್ಟು ತಿಂಗಳುಗಟ್ಟಲೆ ಹೊರಿಸಿದರು. ಹವೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳ ಸೇನೆಯ ಅಡ್ಜುಟಂಟ್ ಜನರಲ್ ಕರ್ನಲ್ ಟಕರ್ ಒಂದು ಎಚ್ಚರಿಕೆಯ ಪತ್ರ ಬರೆದ. ಈ ಜಿಡ್ಡಿನಲ್ಲಿ ಜಾತಿಗೆ ಅಡ್ಡಿಯಾಗುವಂಥದ್ದು ಇಲ್ಲ ಅಂತ ಖಾತ್ರಿಯಾಗುವ ತನಕ ದೇಶೀ ಪಡೆಗಳಿಗೆ ಇದನ್ನು ಕೊಡಬಾರದು ಅಂತ. ಆ ಪತ್ರ ಕಚೇರಿಯ ಕಡತದಲ್ಲೇ ಉಳಿಯಿತು. ನಾನು ಪ್ರಾಜೆಕ್ಟ್ ಮ್ಯಾನೇಜರ್. ರಿಸ್ಕ್ ರಿಜಿಸ್ಟರಿನಲ್ಲಿ ಯಾರೋ ಒಬ್ಬರು ಸರಿಯಾಗಿ ಬರೆದಿಟ್ಟು, ಮಿಕ್ಕವರೆಲ್ಲ ಓದದೆ ದಾಟಿಹೋದ ಸಾಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ಇಷ್ಟು ದುಬಾರಿಯಾದ ಸಾಲನ್ನು ಬೇರೆಲ್ಲೂ ಕಂಡಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ದಮ್‌ದಮ್‌ನಲ್ಲಿ ಹೊಸ ರೈಫಲಿನ ತರಬೇತಿ ನಡೆದಿತ್ತು. ಅಲ್ಲಿನ ಮದ್ದಿನ ಕಾರ್ಖಾನೆಯ ಒಬ್ಬ ಕೆಳಜಾತಿಯ ಕೆಲಸಗಾರ ಬ್ರಾಹ್ಮಣ ಸಿಪಾಯಿಯೊಬ್ಬನ ಹತ್ತಿರ ಅವನ ತಂಬಿಗೆಯಿಂದ ನೀರು ಕೇಳಿದನಂತೆ. ಸಿಪಾಯಿ ಜಾತಿಯ ಮಾತು ಎತ್ತಿ ಇಲ್ಲ ಅಂದ. "ನಾಳೆ ದನದ ಕೊಬ್ಬು, ಹಂದಿಯ ಕೊಬ್ಬು ಬಳಿದ ತೋಟಾ ಕಚ್ಚುವಾಗ ನಿನ್ನ ಜಾತಿ ಎಲ್ಲಿರುತ್ತೆ ನೋಡೋಣ" ಅನ್ನುವ ಅರ್ಥದ ಉತ್ತರ ಬಂತು. ಮಾತು ದಂಡಿನಿಂದ ದಂಡಿಗೆ ಹರಡಿತು. ಅದು ಬರೀ ಸುಳ್ಳು ಸುದ್ದಿಯೂ ಆಗಿರಲಿಲ್ಲ. ಕೊಬ್ಬು ಒದಗಿಸುವ ಗುತ್ತಿಗೆಯಲ್ಲಿ ಅದು ಯಾವ ಪ್ರಾಣಿಯದಾಗಿರಬೇಕು ಅಂತ ಬರೆದೇ ಇರಲಿಲ್ಲ. ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ನೋಡಿದ್ದರು, ಯಾವುದರಿಂದ ಬಂತು ಅಂತ ಕೇಳಿರಲಿಲ್ಲ.

ಸರ್ಕಾರ ಆಮೇಲೆ ತಡ ಮಾಡಲಿಲ್ಲ ಅನ್ನುವುದನ್ನು ಒಪ್ಪಬೇಕು. ಜನವರಿ ಮುಗಿಯುವುದರೊಳಗೆ ಆದೇಶ ಬಂತು: ತೋಟಾಗಳನ್ನು ಜಿಡ್ಡು ಬಳಿಯದೆ ಕೊಡಿ, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಬಳಿದುಕೊಳ್ಳಲಿ. ಮುಂದೆ ಹಲ್ಲಿನಲ್ಲಿ ಕಚ್ಚುವ ಬದಲು ಕೈಯಲ್ಲಿ ಹರಿಯಬಹುದು ಅಂತ ಕವಾಯತನ್ನೂ ಬದಲಿಸಿದರು. ತಾಂತ್ರಿಕವಾಗಿ ಸಮಸ್ಯೆ ಮುಗಿದಿತ್ತು. ಆದರೆ ಅನುಮಾನ ಜಿಡ್ಡಿನಿಂದ ಕಾಗದಕ್ಕೆ ದಾಟಿತ್ತು. ಕಾಗದ ಯಾಕೆ ಇಷ್ಟು ಹೊಳೆಯುತ್ತದೆ, ಇದರಲ್ಲೇ ಕೊಬ್ಬು ಇರಬೇಕು ಅಂತ. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಅಶ್ವಾರೋಹಿಗಳಿಗೆ ತೋಟಾ ಕೊಟ್ಟಾಗ 85 ಮಂದಿ ಮುಟ್ಟಲಿಲ್ಲ. ಅಂದು ಕೊಟ್ಟದ್ದು ಹೊಸ ತೋಟಾಗಳನ್ನಲ್ಲ, ವರ್ಷಗಟ್ಟಲೆ ಬಳಸಿದ ಹಳೆಯ ತೋಟಾಗಳನ್ನೇ. ಮೇ 9ಕ್ಕೆ ಅವರಿಗೆ ಬೇಡಿ ಹಾಕಿದರು, ಮೇ 10ಕ್ಕೆ ಮೀರತ್ ಎದ್ದಿತು. ಅವಧವನ್ನು ನುಂಗಿದ್ದು, ಸಂಬಳ ಭತ್ಯೆಯ ಕೊರತೆ, ಸಮುದ್ರ ದಾಟಿ ದುಡಿಯಬೇಕೆಂಬ ಕಾನೂನು, ಹೀಗೆ ದಂಗೆಗೆ ಕಾರಣಗಳು ಹಲವು. ಜಿಡ್ಡು ಆ ಒಣ ಹುಲ್ಲಿಗೆ ಬಿದ್ದ ಕಿಡಿ.

ಕಿಡಿ ನಮ್ಮ ಕಡೆಗೂ ಬಂತು. ಜುಲೈ 31ರಂದು ಕೊಲ್ಹಾಪುರದ 27ನೆಯ ಬಾಂಬೆ ಪದಾತಿ ರೆಜಿಮೆಂಟ್ ದಂಗೆ ಎದ್ದಿತು. ಸರ್ಕಾರಕ್ಕೆ ಈಗ ತನ್ನ ಸಿಪಾಯಿಗಳ ಕೈಯ ಬಂದೂಕಿನ ಜೊತೆಗೆ ರೈತರ ಮನೆಯ ಬಂದೂಕೂ ಹೆದರಿಕೆ ಹುಟ್ಟಿಸಿತು. ಅದೇ ವರ್ಷ ನಿಶ್ಶಸ್ತ್ರೀಕರಣ ಕಾಯ್ದೆ ಬಂತು: ಪರವಾನಗಿ ಇಲ್ಲದವರು ಆಯುಧ ಒಪ್ಪಿಸಬೇಕು.

ನಾನು ಮುಧೋಳ ತಾಲೂಕಿನವನು. ನಮ್ಮ ತಾಲೂಕಿನ ಹಲಗಲಿ ಊರಿನ ಹೆಸರು ನೀವು ಶಾಲೆಯಲ್ಲಿ ಓದಿರುತ್ತೀರಿ. ಅಲ್ಲಿನ ಬೇಡರಿಗೆ ಬಂದೂಕು ಅಂದರೆ ಬೇಟೆ, ಕಾವಲು, ಮಾನ. ಒಪ್ಪಿಸುವುದಿಲ್ಲ ಅಂದರು. 1857ರ ನವೆಂಬರ್ ಕೊನೆಗೆ ಕಂಪನಿಯ ಪಡೆ ಊರು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಅದರ ಮೇಲೆ ಹುಟ್ಟಿದ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿಯೇ ಆದ ಫ್ಲೀಟ್ ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಕಡೆ ದಸರೆಯಲ್ಲಿ ಕುಡುಗೋಲು, ಕೊಡಲಿ, ನೇಗಿಲು, ಈಗೀಗ ಟ್ರ್ಯಾಕ್ಟರ್ ಪೂಜೆ ಆಗುತ್ತದೆ. ಬಂದೂಕು ಇಟ್ಟು ಪೂಜೆ ಮಾಡಿದ್ದನ್ನು ನಾನು ನಮ್ಮ ಬಳಗದ ಯಾವ ಮನೆಯಲ್ಲೂ ಕಂಡಿಲ್ಲ.

ಗೆಳೆಯನ ಊರಿಗೆ ಅದೇ ಕಾಯ್ದೆ ಬೇರೆ ದಾರಿಯಲ್ಲಿ ತಲುಪಿತು. 1861ರಲ್ಲಿ ಮೈಸೂರು, ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಆ ಕಾಯ್ದೆ ಕೊಡಗಿಗೆ ಅನ್ವಯಿಸುವುದಿಲ್ಲ ಅಂತ ಪ್ರಕಟಣೆ ಹೊರಡಿಸಿದ. ಅದರಲ್ಲಿ ಕೊಡವರ ಶೌರ್ಯದ ಹೊಗಳಿಕೆ ಇತ್ತು, ಜೊತೆಗೆ ಅವರು ಸರ್ಕಾರಕ್ಕೆ ಮಾಡಿದ ಸೇವೆಯ ನೆನಪೂ ಇತ್ತು. ಅಂದರೆ 1837ರ ಅಮರಸುಳ್ಯ ದಂಗೆಯನ್ನು ಅಡಗಿಸುವಾಗ ಕೊಟ್ಟಂಥ ನೆರವು. ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಇದನ್ನೆಲ್ಲ ನಾನು ಗೆಳೆಯನಿಗೆ ಹೇಳಿದ್ದು ಅಂಗಡಿಯ ಎದುರಿನ ಟೀ ಗಾಡಿಯ ಹತ್ತಿರ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಿಮ್ಮೂರಿನವರು ಇಲ್ಲ ಅಂದಿದ್ದಕ್ಕೆ ಹೋಯ್ತು, ನಮ್ಮವರು ಹೂಂ ಅಂದಿದ್ದಕ್ಕೆ ಉಳೀತು ಅಂತೀಯಾ?" ಅಂದ. ಅಷ್ಟು ಸರಳ ಅಲ್ಲ ಅಂದೆ. ಕೋವಿ ಕೊಡವರಿಗೆ ಬ್ರಿಟಿಷರು ಕೊಟ್ಟ ಬಹುಮಾನವಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಅನ್ನುವ ರೂಢಿ ಸರ್ಕಾರಿ ಕಾಗದದಿಂದ ಹುಟ್ಟುವುದಿಲ್ಲ. ಆದರೆ ಕಾಗದ ಇದ್ದುದರಿಂದ ಅದು ಉಳಿಯಿತು ಅನ್ನುವುದೂ ನಿಜ. ಅವನು ನಕ್ಕು ಇನ್ನೊಂದು ಮಾತು ಸೇರಿಸಿದ: "ಹಂದಿ ಕೊಬ್ಬು ಅಂತ ಅಲ್ಲಿ ಸೇನೆಯೇ ಎದ್ದಿತು. ನಮ್ಮಲ್ಲಿ ಕೋವಿ ಪೂಜೆಯ ದಿನವೇ ಪಂದಿ ಕರಿ, ಕಡಂಬುಟ್ಟು." ನನ್ನ ಮೂರನೆಯ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಅವನೇ ವಿವರಿಸಿದ. ಜಿಡ್ಡು ಒಂದೇ. ಕೈ ಬೇರೆಯಾದರೆ ಅದರ ಅರ್ಥ ಬೇರೆ.

1857ರ ಆ ತಗಾದೆ ಎಲ್ಲಿಗೆ ಮುಟ್ಟಿತು ಅಂತ ನೋಡಲು ಹಡಪಸರದಿಂದ ಬಹಳ ದೂರ ಹೋಗಬೇಕಿಲ್ಲ. ಊರಿನ ಆ ತುದಿಗೆ ಖಡಕಿ ಇದೆ. 1869ರಲ್ಲಿ ಅಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು, ಇಂದಿಗೂ ನಡೆಯುತ್ತಿದೆ. ಅಷ್ಟರಲ್ಲಿ ಹಿಂಬದಿಯಿಂದ ತೋಟಾ ತುಂಬುವ ಬಂದೂಕು, ಲೋಹದ ತೋಟಾ ಬಂದಿದ್ದವು. ಕಚ್ಚುವುದೂ ಇಲ್ಲ, ಹರಿಯುವುದೂ ಇಲ್ಲ. ಜಿಡ್ಡು ತೋಟಾದ ಹೊಟ್ಟೆಯೊಳಗೆ ಸೇರಿತು. ಮಾರ್ಟಿನಿ ಹೆನ್ರಿ ಬಂದೂಕಿನ ತೋಟಾದಲ್ಲಿ ಗುಂಡಿನ ಹಿಂದೆ ಜೇನುಮೇಣದ ಒಂದು ಬಿಲ್ಲೆ ಇರುತ್ತಿತ್ತು. ಜೇನುಮೇಣ ಸೆಕೆಗೆ ಬೇಗ ಕರಗುವುದಿಲ್ಲ, ಯಾರ ಮಡಿಗೂ ಅಡ್ಡಿಯಿಲ್ಲ. 1853ರಲ್ಲೇ ಇದು ಹೊಳೆದಿದ್ದರೆ ಅಂತ ಅನ್ನಿಸದೆ ಇರುವುದಿಲ್ಲ.

ಆದರೆ ಕಿಟ್ಟ ಬದಲಾದಾಗ ಪ್ರಶ್ನೆಯೂ ಬದಲಾಯಿತು. 19ನೆಯ ಶತಮಾನದ ಕೊನೆಗೆ ಹೊಗೆ ಕಡಿಮೆಯ ಮದ್ದು ಬಂತು. ಬ್ರಿಟಿಷ್ ಸೇನೆ ಬಂದೂಕಿಗೆ ಬಳಸುತ್ತಿದ್ದದ್ದು ರಂಗೂನ್ ಎಣ್ಣೆ, ಅಂದರೆ ಬರ್ಮಾದ ಖನಿಜತೈಲ. ಲೀ ಎನ್‌ಫೀಲ್ಡ್ ರೈಫಲಿನ ಹಿಡಿಯ ಹಿಂಭಾಗದಲ್ಲಿ ಒಂದು ಪೊಟರೆ, ಅದರೊಳಗೆ ಹಿತ್ತಾಳೆಯ ಎಣ್ಣೆ ಬಾಟಲಿ, ಬಟ್ಟೆ ಚೂರು ಕಟ್ಟಿ ನಳಿಗೆಯೊಳಗೆ ಎಳೆಯುವ ಹುರಿ. ಈ ಏರ್ಪಾಡಿನಲ್ಲಿ ಒಂದು ಮೋಸ ಇತ್ತು. ಆ ಕಾಲದ ತೋಟಾದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟೇ ಒಳ್ಳೆಯ ಎಣ್ಣೆ ಬಳಿದರೂ ಅದರ ಅಡಿಯಲ್ಲಿ ಉಪ್ಪು ಕೂತು ಕಬ್ಬಿಣ ತಿನ್ನುತ್ತದೆ. ಅದಕ್ಕೇ ಸೈನಿಕರು ಕೊಳವಿ ಇಟ್ಟು ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಬಿಸಿ ಲೋಹ ತಾನೇ ಆರುತ್ತದೆ, ಆಮೇಲೆ ಎಣ್ಣೆ. ಖಡಕಿಯ ಕೆ.ಎಫ್. ಗುರುತಿನ ಹಳೆಯ .303 ತೋಟಾ ಹೊಡೆದವರಿಗೆ ಈ ಬಿಸಿನೀರಿನ ಪಾಠ ತಪ್ಪುತ್ತಿರಲಿಲ್ಲ. ತುಕ್ಕು ಬಾರದಂತೆ ತಡೆಯಲು ಮೊದಲು ನೀರು ಹೊಯ್ಯಬೇಕು ಅನ್ನುವುದು ಕೇಳಲು ವಿಚಿತ್ರ, ರಸಾಯನಶಾಸ್ತ್ರದಲ್ಲಿ ಸಹಜ.

ಹವೆಯ ಪ್ರಶ್ನೆಯೂ ಅಷ್ಟೇ. 1941ರ ಚಳಿಗಾಲದಲ್ಲಿ ರಷ್ಯಾದೊಳಗೆ ನುಗ್ಗಿದ ಜರ್ಮನ್ ಸೈನ್ಯದ ಬಂದೂಕುಗಳಲ್ಲಿ ಎಣ್ಣೆ ಹೆಪ್ಪುಗಟ್ಟಿ ಯಂತ್ರಭಾಗಗಳು ಅಲುಗಾಡಲಿಲ್ಲ. ಮರಳುಗಾಡಿನಲ್ಲಿ ಇದರ ತಿರುವು. ಅಲ್ಲಿ ಹೆಚ್ಚು ಎಣ್ಣೆ ಹಚ್ಚಿದರೆ ಧೂಳು ಮೆತ್ತಿ ಉಪ್ಪುಕಾಗದದಂತೆ ಉಜ್ಜುತ್ತದೆ.

ಇಷ್ಟೆಲ್ಲ ಆದ ಮೇಲೆ ಗೆಳೆಯನ ಮನೆಯ ಕೋವಿಗೆ ಬರೋಣ. ಅದು ಒಂಟಿ ನಳಿಗೆಯ ತೋಟಾ ಕೋವಿ, ಅವನ ತಾತನ ಕಾಲದ್ದು. ಈಗ ವರ್ಷಕ್ಕೆ ಒಂದೆರಡು ಈಡು ಹೊಡೆದರೆ ಹೆಚ್ಚು, ಅದೂ ಹಬ್ಬದ ದಿನದ ತೆಂಗೆ ಬೊಡಿಯಲ್ಲಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ. ಅಂದರೆ ಅದರ ಶತ್ರು ಕಿಟ್ಟ ಅಲ್ಲ, ಸವೆತವೂ ಅಲ್ಲ, ನಾಲ್ಕು ತಿಂಗಳ ಕೊಡಗಿನ ಮಳೆ. ಸ್ಪ್ರೇ ಡಬ್ಬಿ ನೀರನ್ನು ಓಡಿಸಲು ಒಳ್ಳೆಯದು, ಆದರೆ ಅದರ ಬಹುಪಾಲು ಆರಿಹೋಗುತ್ತದೆ. ಉಳಿಯುವ ತೆಳು ಪದರವನ್ನು ನಂಬಿ ಕಬ್ಬಿಣವನ್ನು ಇಡೀ ಮಳೆಗಾಲ ಬಿಡಲಾಗದು. ಅವರ ಮನೆಯಲ್ಲಿ ಮೊದಲಿಂದ ಹಚ್ಚುತ್ತಿದ್ದದ್ದು ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕೊಡಗಿನ ಬೆಳಗ್ಗೆಗಳು ಅದಕ್ಕಿಂತ ತಣ್ಣಗೆ. ಹಳತಾದರೆ ಮುಗ್ಗಿ ಹುಳಿಯಾಗುತ್ತದೆ, ಹುಳಿ ಲೋಹಕ್ಕೆ ಆಗದು.

ಕೊನೆಗೆ ನಾವು ಕೊಂಡದ್ದು ಒಂದು ಸಣ್ಣ ಬಾಟಲಿ ತೆಳು ಖನಿಜತೈಲ, ಹಿತ್ತಾಳೆಯ ಬ್ರಷ್, ಸ್ವಲ್ಪ ಗ್ರೀಸ್, ಮರದ ಹಿಡಿಗೆ ಅಗಸೆ ಎಣ್ಣೆ. ಹಳೆಯ ಫ್ಲಾನೆಲ್ ಬಟ್ಟೆ ಮನೆಯಲ್ಲೇ ಇತ್ತು. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಮೊದಲು ಕೋವಿ ಮುರಿದು ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿ. ಹಿಂಬದಿಯಿಂದ ಮುಂದಕ್ಕೆ ಬ್ರಷ್ ಎಳೆಯಿರಿ. ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿ. ಎಣ್ಣೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಇರಲಿ. ಮಡಿಚುವ ಕೀಲಿಗೆ ಚಿಟಿಕೆ ಗ್ರೀಸ್. ಈಡು ಹೊಡೆಯುವ ಮೊದಲು ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆಯಿರಿ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ.

ಸೆಪ್ಟೆಂಬರ್ 3ರ ರಾತ್ರಿ ಗೆಳೆಯ ಒಂದು ಫೋಟೋ ಕಳಿಸಿದ. ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಕೋವಿ, ನಳಿಗೆಯ ತುದಿಯಲ್ಲಿ ಕೆಂಪು ಹಳದಿಯ ತೋಕ್ ಪೂ. ಕೊಡವರು ಕೋವಿಯ ಹೂ ಅಂತಲೇ ಕರೆಯುವ ಹೂವು ಅದು, ನಮ್ಮ ಕಡೆ ಗೌರಿ ಹೂ ಅನ್ನುತ್ತೇವೆ. ಎಣ್ಣೆ ಏನಾಯ್ತು ಅಂತ ಕೇಳಿದೆ. ಒಳಗಡೆಗೆ ಅಪ್ಪ ನಮ್ಮ ಎಣ್ಣೆಯನ್ನೇ ಹಾಕಿದರಂತೆ. ಹೊರಗೆ, ಪೂಜೆಗೆ ಇಡುವ ಮುಂಚೆ, ಮತ್ತೆ ಒಂದು ತೊಟ್ಟು ತೆಂಗಿನೆಣ್ಣೆ ಸವರಿದರಂತೆ. ಅದಕ್ಕೆ ನಾನೇನೂ ಹೇಳಲಿಲ್ಲ. ಹಬ್ಬ ಮುಗಿದ ಮೇಲೆ ಒರೆಸಿದರೆ ಸಾಕು.

ಮರುದಿನ ಅವನು ಫೋನ್ ಮಾಡಿ ಹೇಳಿದ ವಿಷಯ ಬೇರೆ. ಅವನು ಮನೆ ಮುಟ್ಟಿದ್ದು 3ನೇ ತಾರೀಕು ಬೆಳಗ್ಗೆ. ಎಣ್ಣೆ, ಬ್ರಷ್ಷು ಹಿಂದಿನ ವಾರವೇ ಕೊರಿಯರಿನಲ್ಲಿ ಹೋಗಿದ್ದವು. ಎಪ್ಪತ್ತು ದಾಟಿದ ತಂದೆ ಹಿಂದಿನ ದಿನ ಒಬ್ಬರೇ ಕೂತು, ನನ್ನ ಚೀಟಿ ಓದಿಕೊಂಡು, ಕೋವಿ ಬಿಚ್ಚಿ ತಿಕ್ಕಿದ್ದರು. "ಹಬ್ಬಕ್ಕೆ ಬೆಂಗಳೂರು, ಪುಣೆ, ದುಬೈ ಎಲ್ಲ ಕಡೆಯಿಂದ ಬರ್ತೀರಿ" ಅಂದರಂತೆ, "ತಿಕ್ಕೋದು ಹಿಂದಿನ ದಿನ. ಆ ದಿನ ಯಾರೂ ಇರೋದಿಲ್ಲ."

ಮುಂದಿನ ವರ್ಷ ಮಗಳನ್ನು ಕರಕೊಂಡು 1ನೇ ತಾರೀಕಿಗೇ ಹೋಗುತ್ತೇನೆ ಅಂತ ಗೆಳೆಯ ಹೇಳಿದ್ದಾನೆ. ರಜೆಗೆ ಈಗಲೇ ಅರ್ಜಿ ಹಾಕು ಅಂದಿದ್ದೇನೆ. ಸೆಪ್ಟೆಂಬರ್ ಮೊದಲ ವಾರ ನಮ್ಮ ಎಲ್ಲ ಪ್ರಾಜೆಕ್ಟುಗಳಲ್ಲೂ ಏನಾದರೊಂದು ಇದ್ದೇ ಇರುತ್ತದೆ.